ಹೆಂಗಸರ ವಾರ್ಡಿನ ಬಾಗಿಲುಗಳು

ಮರಗೆಲಸ ಕಲಿಸುವ ಮೇಷ್ಟ್ರಾಗಿ ಇಪ್ಪತ್ತೆಂಟು ವರ್ಷ ದುಡಿದು ಅವರು ನಿವೃತ್ತರಾದ ವರ್ಷವೇ ಹೆಂಡತಿ ಆರೋಗ್ಯ ಮಂತ್ರಿಯಾದರು. ಇಬ್ಬರೂ ಸರ್ಕಾರಿ ಬಂಗಲೆಗೆ ಬಂದರು. ಹನ್ನೊಂದು ಕೋಣೆ, ಎಲ್ಲದರಲ್ಲೂ ಜನ. ಅಷ್ಟು ಜನರಲ್ಲಿ ಮೇಷ್ಟ್ರನ್ನು ನೋಡಲು ಬಂದವರು ಒಬ್ಬರೂ ಇಲ್ಲ. ಒಮ್ಮೆ ಅವರೇ ಫೋನ್ ಎತ್ತಿದರು.

“ಮೇಡಂ ಇದಾರಾ?”

“ಇಲ್ಲ.”

“ನೀವ್ಯಾರು ಮಾತಾಡೋದು?”

“ನಾನು ಮನೆಯವನು.”

“ಅಡುಗೆಯವ್ರಾ, ತೋಟದವ್ರಾ?”

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿಗೆ ಹೇಳಿ ಇನ್ನೊಮ್ಮೆ ನಗೋಣವೆಂದು ಕಾದರು. ಆಕೆ ಬಂದಾಗ ಬೆನ್ನಿಗೆ ನಾಲ್ವರು ಅಧಿಕಾರಿಗಳಿದ್ದರು. ನಾಳೆ ಹೇಳಿದರಾಯಿತು ಅಂದುಕೊಂಡರು. ನಾಳೆ ನಾಳೆ ಅನ್ನುತ್ತಲೇ ಆ ತಮಾಷೆ ಹಳಸಿಹೋಯಿತು.

ಮಂತ್ರಿಗಳು ಮಾನಸಿಕ ಆಸ್ಪತ್ರೆಗೆ ಭೇಟಿ ಕೊಟ್ಟ ದಿನ ಮೇಷ್ಟ್ರೂ ಜೊತೆಗಿದ್ದರು. ಭಾಷಣ ಶುರುವಾದಾಗ ಮೆಲ್ಲಗೆ ಜಾರಿಕೊಂಡು ಹಿಂಬದಿಯ ಪಡಸಾಲೆಗೆ ಹೋದರು. ಹೆಂಗಸರ ವಾರ್ಡಿನ ಆರು ಸ್ನಾನದ ಮನೆಗಳು ಅಲ್ಲಿ ಸಾಲಾಗಿದ್ದವು. ಚೌಕಟ್ಟುಗಳಿದ್ದವು, ತಿರುಪು ಕಿತ್ತ ತೂತುಗಳಿದ್ದವು, ಬಾಗಿಲುಗಳಿರಲಿಲ್ಲ. ಒಂದರ ಮುಂದೆ ನಡುವಯಸ್ಸಿನ ಹೆಂಗಸೊಬ್ಬಳು ಹಾಸಿಗೆಯ ಚಾದರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಒಳಗೆ ಇನ್ಯಾರೋ ನೀರು ಹೊಯ್ದುಕೊಳ್ಳುವ ಸದ್ದು.

“ಆ ಕಡೆ ತಿರುಗಿ ಅಣ್ಣಾ,” ಎಂದಳು. ಮೇಷ್ಟ್ರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಗೋಡೆಗೆ ಮುಖಮಾಡಿ ನಿಂತರು.

ನರ್ಸಮ್ಮನನ್ನು ಕೇಳಿದರೆ, “ಬಾಗಿಲು ಹಾಕ್ಕೊಂಡು ಒಳಗೆ ಏನಾದ್ರೂ ಮಾಡ್ಕೊಂಡ್ರೆ ಯಾರು ಹೊಣೆ ಸರ್?” ಎಂದರು. ಚಾದರ ಹಿಡಿದವಳು ಬಟ್ಟೆ ಹೊಲಿಯುವವಳಂತೆ. ಕಾಯಿಲೆ ಎಂದೋ ವಾಸಿಯಾಗಿತ್ತು, ಕರೆದುಕೊಂಡು ಹೋಗುವವರು ಬಂದಿರಲಿಲ್ಲ.

ಆ ವಾರವೆಲ್ಲ ಮೇಷ್ಟ್ರು ಕಾಗದದ ಮೇಲೆ ಬಾಗಿಲಿನ ಚಿತ್ರ ಗೀಚಿದರು. ಮೇಲೂ ಕೆಳಗೂ ಗೇಣಗಲ ತೆರಪು, ಹೊರಕ್ಕೆ ತೆರೆಯುವ ಹಲಗೆ, ಒಳಗಿನಿಂದ ಹಾಕಿಕೊಂಡರೂ ಹೊರಗಿನಿಂದ ನರ್ಸಮ್ಮ ತೆಗೆಯಬಹುದಾದ ಚಿಲಕ. ಹೆಂಡತಿ ಕಾರು ಹತ್ತುತ್ತಲೇ ಚಿತ್ರ ನೋಡಿದರು.

“ಎಷ್ಟು ಚೆನ್ನಾಗಿದೆ ರೀ! ಫೈಲು ಕಳಿಸಿದ್ರೆ ವರ್ಷ ಹಿಡಿಯುತ್ತೆ. ನೀವೇ ಮಾಡ್ಕೊಟ್ಬಿಡಿ.”

ಮೇಷ್ಟ್ರು ಪ್ರತಿ ಮಂಗಳವಾರ ಬಸ್ಸಿನಲ್ಲಿ ಹೋಗಿ ಆಸ್ಪತ್ರೆಯ ಶೆಡ್ಡಿನಲ್ಲಿ ಹಲಗೆ ನಯಮಾಡಲು ಉಜ್ಜುಗೊರಡು ಹಿಡಿದರು. ಮೊದಲ ಬಾಗಿಲು ಕೂತ ದಿನ ಹೊಲಿಗೆಯವಳು ಒಳಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಂದವಳು ಒದ್ದೆ ತಲೆಯಲ್ಲೇ ಶೆಡ್ಡಿನ ತನಕ ನಡೆದುಬಂದು, “ಹದಿನಾರು ವರ್ಷ ಆಗಿತ್ತು ಅಣ್ಣಾ, ಒಬ್ಳೇ ಇದ್ದು,” ಎಂದಳು.

ನಾಲ್ಕು ಬಾಗಿಲು ಮುಗಿಯುವಷ್ಟರಲ್ಲಿ ಪತ್ರಿಕೆಯಲ್ಲಿ ಬಂತು: ‘ಮಂತ್ರಿ ಪತಿಗೆ ಆಸ್ಪತ್ರೆ ಗುತ್ತಿಗೆ’. ವಿರೋಧ ಪಕ್ಷದವರಿಗೆ ಅಷ್ಟೇ ಸಾಕಾಯಿತು. ಸದನದಲ್ಲಿ ಎರಡು ದಿನ ರಂಪ. ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಹಿಡಿದು ಎದುರು ಕೂತರು.

“ರೀ, ಸ್ವಲ್ಪ ದಿನ ಆ ಕಡೆ ಹೋಗ್ಬೇಡಿ.”

“ಇನ್ನೂ ಎರಡು ಬಾಗಿಲು ಬಾಕಿ ಇದೆ ಕಣೇ.”

“ಗೊತ್ತು.”

“ಸ್ವಲ್ಪ ದಿನ ಅಂದ್ರೆ?”

“ನಾನು ಈ ಕುರ್ಚೀಲಿ ಇರೋ ತನಕ,” ಎಂದರು ಆಕೆ, ಲೋಟದೊಳಗೆ ನೋಡುತ್ತ.

ಹೆಂಡತಿ ಕೈಕಟ್ಟಿ ಕೂತವರಲ್ಲ. ಆರೇ ತಿಂಗಳಲ್ಲಿ, ಎಲ್ಲ ಸರ್ಕಾರಿ ಆಸ್ಪತ್ರೆಗಳ ಸ್ನಾನದ ಮನೆಗೂ ಒಳಚಿಲಕದ ಬಾಗಿಲು ಇರಲೇಬೇಕೆಂದು ಆದೇಶ ಹೊರಡಿಸಿದರು. ಅದಕ್ಕೆ ಲಗತ್ತಿಸಿದ್ದು ಮೇಷ್ಟ್ರ ಚಿತ್ರವೇ. ಬರೆದವರು ಯಾರೆಂದು ಎಲ್ಲೂ ಇರಲಿಲ್ಲ. ಅದು ಬೇಕೆಂದು ಮೇಷ್ಟ್ರಿಗೂ ಅನಿಸಲಿಲ್ಲ. ಆದರೆ ಮಂಗಳವಾರ ಬಂತೆಂದರೆ ಬೆಳಿಗ್ಗೆಯೇ ಸ್ನಾನ ಮಾಡಿ, ಅಂಗಿ ತೊಟ್ಟು, ಹೋಗುವ ಕಡೆಯಿಲ್ಲದೆ ಮಂಚದ ತುದಿಯಲ್ಲಿ ಕೂರುತ್ತಿದ್ದರು. ಹಾಗೆ ಮೂರು ವರ್ಷ ಕಳೆಯಿತು.

ಚುನಾವಣೆಯಲ್ಲಿ ಹೆಂಡತಿ ಸೋತರು. ಹಳೆಯ ಮನೆಗೆ ಸಾಮಾನು ಇಳಿಸಿದ ಮಾರನೆಯ ದಿನವೇ ಮೇಷ್ಟ್ರು ಆಸ್ಪತ್ರೆಗೆ ಓಡಿದರು. ಆರೂ ಬಾಗಿಲುಗಳಿದ್ದವು. ನರ್ಸಮ್ಮ ಹೊಸಬರು.

“ಹೊಲಿಗೆಯವರಾ? ಆ ಅಕ್ಕ ಹೋದ ವರ್ಷ ತೀರ್ಕೊಂಡ್ರು. ಬಾಗಿಲು ಮಾಡೋ ಅಣ್ಣ ಬರ್ತಾರೆ ಅಂತ ಮಂಗಳವಾರ ಗೇಟ್ ಹತ್ರ ಕೂತಿರ್ತಿದ್ರು. ಬೇಡ ಬನ್ನಿ ಅಂದ್ರೂ ಕೇಳ್ತಿರ್ಲಿಲ್ಲ.”

ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿದರು.

“ನಾನೇ ಅಲ್ವಾ ಬೇಡ ಅಂದಿದ್ದು,” ಎಂದರು ಆಕೆ.

ಪರವಾಗಿಲ್ಲ ಬಿಡು ಅನ್ನಬೇಕೆಂದುಕೊಂಡರು ಮೇಷ್ಟ್ರು.

“ನಾನೂ ಒಂದು ಮಾತು ಹೇಳಿ ಕಳಿಸಬಹುದಿತ್ತು. ಕಳಿಸ್ಲಿಲ್ಲ,” ಎಂದಷ್ಟೇ ಹೇಳಿದರು.

ಮುಂದಿನ ಮಂಗಳವಾರ ಆಸ್ಪತ್ರೆಗೆಂದು ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಹೆಂಡತಿ ಬಾಗಿಲಿಗೆ ಬಂದರು.

“ನಾನೂ ಬರ್ಲಾ?”

“ಬಾ.”

ಬಸ್ಸು ತುಂಬಿತ್ತು. ಮಾಜಿ ಮಂತ್ರಿಯನ್ನು ಯಾರೂ ಗುರುತು ಹಿಡಿಯಲಿಲ್ಲ. ಮುಂದೆಲ್ಲೋ ಒಂದು ಸೀಟು ಖಾಲಿಯಾಯಿತು, ಆಕೆ ಅಲ್ಲಿ ಹೋಗಿ ಕೂತರು. ಮೇಷ್ಟ್ರು ಹಿಂದೆ ಕಂಬಿ ಹಿಡಿದು ನಿಂತು, ಅಷ್ಟು ತಲೆಗಳ ನಡುವೆ ಹೆಂಡತಿಯ ನರೆತ ತಲೆ ಯಾವುದೆಂದು ಹುಡುಕುತ್ತಿದ್ದರು.