ಬಿಚ್ಚಿದ ಮುಖ

ಕೆಳಗೆ ಕಲ್ಲಿದ್ದಲು ಗಾಡಿ ನಿಂತಿತು, ಕುದುರೆ ಸೀನಿತು, ಮನುಷ್ಯರ ಹಾಗೇ ಸೀನುತ್ತದೆ ಅದು, ಥರ್ಜಾ ಇದ್ದಿದ್ದರೆ ದೇವರು ಒಳ್ಳೇದು ಮಾಡಲಿ ಅನ್ನುತ್ತಿದ್ದಳು ಕುದುರೆಗೂ — ಹೆಪ್ಸಿ, ಈ ಮುಖ ಬೇಡ, ಅಂದರು ಪಾದ್ರಿಯ ಹೆಂಡತಿ ಬೆಳಗ್ಗೆ, ಕೈಗವಸಿನ ಬೆರಳು ತೋರಿಸಿ, ಚರ್ಚಿನ ಪೀಠಕ್ಕೆ ಹಾಕೋ ಕಸೂತಿ ಪಟ ಇದು, ದೇವದೂತೆ ಅಂದ್ರೆ ದೇವದೂತೆ ಥರ ಇರ್ಬೇಕು, ಇವಳು ನಿನ್ನ ತಂಗಿ ಅಲ್ವಾ. ಅಲ್ಲ ಅಮ್ಮಾವ್ರೇ, ಅಂದೆ, ಅಂದಮೇಲೆ ನೋಡಿದೆ, ಹೌದು, ಥರ್ಜಾಳೇ, ಎಡಹುಬ್ಬು ಕೊಂಚ ಮೇಲೆ, ಬಾಯಿಗೆ ಬಂದ ಕೀಟಲೆ ತಡೆದುಕೊಂಡವಳ ತುಟಿ. ಬಟ್ಟೆಯ ಮೇಲೆ ಬರೆದುಕೊಟ್ಟ ನಕಾಶೆಯಲ್ಲಿ ಹಾಗಿರಲಿಲ್ಲ, ಕೈ ತಾನಾಗಿ ಹೋಗಿದೆ. ಇದೇ ಚೌಕಟ್ಟಿನ ಆ ತುದಿಯಲ್ಲಿ ಕೂತು ಲಿಲಿ ಹೂಗಳನ್ನೆಲ್ಲ ಹೊಲಿದವಳು ಅವಳು, ಹೊಟ್ಟೆ ಮರಕ್ಕೆ ತಾಗುವವರೆಗೂ, ಅಕ್ಕ, ಸ್ವಲ್ಪ ಸರಿ, ನಾವಿಬ್ರು ಇದೀವಿ ಇಲ್ಲಿ, ಅಂದು ನಕ್ಕಳು, ಆ ವಾರವೇ ಹೊರಗೆ ಹಾಕಿದರು, ಗಂಡನಿಲ್ಲದ ಬಸುರಿಯ ಕೈ ಪವಿತ್ರ ಬಟ್ಟೆ ಮುಟ್ಟಬಾರದಂತೆ — ಹೂಗಳನ್ನು ಬಿಚ್ಚಿಸಲಿಲ್ಲ, ಚೆನ್ನಾಗಿದ್ದವು. ಚಳಿಗಾಲದಲ್ಲಿ ಬಡವರ ಆಶ್ರಮದಲ್ಲಿ ಹೆರಿಗೆ, ತಾಯಿ ಮಗು ಒಂದೇ ಶವಪೆಟ್ಟಿಗೆ, ನಾನು ಹೋಗುವಷ್ಟರಲ್ಲಿ ಮೊಳೆ ಹೊಡೆದಾಗಿತ್ತು, ಮುಖ ನೋಡಲಾಗಲಿಲ್ಲ. ಬಿಚ್ಚೇ ಹುಡುಗಿ, ಅನ್ನುತ್ತಾಳೆ ಎದುರು ಕೂತ ಮುದುಕಿ ಟ್ಯಾಬಿತಾ, ಹಟ ಹಿಡಿದ್ರೆ ನಿನ್ನನ್ನೂ ಕಳಿಸ್ತಾರೆ, ಆ ಪಾದ್ರಿಯಮ್ಮನ ಮುಖಾನೇ ಹೊಲಿದುಬಿಡು, ದೇವರು ಹೆದರ್ಕೊಂಡು ಇನ್ನೊಂದು ಬಾಗಿಲಿಂದ ಓಡಿಹೋಗ್ಲಿ. ನಗು ಬಂತು, ಬರಲಿ. ಕತ್ತರಿಯ ತುದಿ ಎಳೆಯ ಕೆಳಗೆ, ಕೆನ್ನೆ ಹೋಯಿತು, ತುಟಿ ಹೋಯಿತು, ಕೆನೆಬಣ್ಣದ ಚೂರುಗಳು ಮಡಿಲ ತುಂಬ, ಉಸಿರು ಬಿಟ್ಟರೆ ಹಾರುತ್ತವೆ, ಕತ್ತರಿ ಜಾರಿದರೆ ರೇಷ್ಮೆ ಹರಿಯುತ್ತದೆ. ಕಣ್ಣು ಕೊನೆಗೆ. ಅಮ್ಮಾವ್ರು ಚಹಾ ಮುಗಿಸಿ ಬಂದು ಇಣುಕಿದರು, ಹಾಂ, ಈಗ ಸರಿಹೋಯ್ತು, ಬೇರೆ ಮುಖ ಶುರುಮಾಡು, ಸ್ವಲ್ಪ ಸೌಮ್ಯವಾಗಿರ್ಲಿ, ಅಂದು ಹೋದರು. ಸೌಮ್ಯ. ಸೂಜಿಗೆ ದಾರ ಪೋಣಿಸಿ ಆಗಿದೆ. ರೇಷ್ಮೆ ಒಮ್ಮೆ ಚುಚ್ಚಿಸಿಕೊಂಡರೆ ಮುಚ್ಚಿಕೊಳ್ಳುವುದಿಲ್ಲ, ಉಗುರಿನಿಂದ ಉಜ್ಜಿದೆ, ಆವಿ ಹಿಡಿದೆ, ಇಲ್ಲ, ಹಿಂದಿನಿಂದ ಬೆಳಕು ಬಿದ್ದರೆ ತೂತುಗಳೆಲ್ಲ ಹೊಳೆಯುತ್ತವೆ, ಸಣ್ಣ ಸಣ್ಣ ಚುಕ್ಕಿ, ಕೆನ್ನೆ, ತುಟಿ, ದಾರವಿಲ್ಲದ ಮುಖ — ಇಲ್ಲಿಂದ ಶುರುಮಾಡಲೇ, ಇಲ್ಲಿ ಚುಚ್ಚಿದರೂ ಅವಳದೇ ತೂತು, ಅಲ್ಲಿ ಚುಚ್ಚಿದರೂ — ಹುಬ್ಬು — ಸೂಜಿ ಎತ್ತಿದ್ದೇನೆ — ಎಡಗಡೆಯದು, ಕೊಂಚ ಮೇಲೆ.