ಕುದಿಯುವ ಕೊಳದ ಆಣೆ

"ಆಣೆ ತಾನೇ? ಇಟ್ರಾಯ್ತು, ಅದಕ್ಕೇನಂತೆ!" ಎಂದು ಸೋಸಿಸ್ ಚಪ್ಪಲಿ ಬಿಟ್ಟು ಕೊಳದ ಅಂಚಿಗೆ ನಡೆದಾಗ ಮಾನಿಯಾಳ ಜೀವ ಬಾಯಿಗೆ ಬಂತು. ಅವನ ಮನೆಯ ಜೀತದಾಳಾದ ಅವಳು ಓಡಿಬಂದು ಪಾಲಿಕೋಯ್ ದೇವರ ಬಲಿಪೀಠದ ಬಳಿ ಕೂತು ಇದು ಆರನೆಯ ಹಗಲು. ಇಲ್ಲಿಂದ ಯಾರೂ ಅವಳನ್ನು ಎಳೆದೊಯ್ಯುವಂತಿಲ್ಲ. ಆದರೆ ಒಡೆಯನೇ ಬಂದು, ಇನ್ನು ಹಿಂಸೆ ಕೊಡುವುದಿಲ್ಲ ಎಂದು ಆಣೆಯಿಟ್ಟರೆ ಆಳು ಹಿಂದೆ ಹೋಗಲೇಬೇಕು.

ಕೊಳದ ನೀರು ಕೊತಕೊತ ಕುದಿಯುತ್ತಿತ್ತು. ಗಂಧಕದ ನಾತಕ್ಕೆ ಸೋಸಿಸ್ ಮುಖ ಕಿವುಚಿದ.

"ಸುಳ್ಳಾಣೆ ಇಟ್ಟೋರು ಇಲ್ಲಿಂದ ಕುರುಡಾಗಿ ಹೋಗಿದಾರೆ, ನೆನಪಿರ್ಲಿ," ಎಂದರು ಪೂಜಾರಿ.

"ನಾನ್ಯಾಕೆ ಹೆದರ್ಲಿ ಸ್ವಾಮಿ? ಈ ಕೈ ಇವಳ ಮೇಲೆ ಎದ್ದಿಲ್ಲ, ಏಳೋದೂ ಇಲ್ಲ," ಎಂದು ಸೋಸಿಸ್ ಕೊಳದ ಮೇಲೆ ಕೈ ಚಾಚಿ ಆಣೆಯಿಟ್ಟ.

ಹಾಳಾದವನು ನಿಜವನ್ನೇ ಹೇಳಿದ್ದ. ಕಾದ ಸೌಟಿನಿಂದ ಅವಳ ಬೆನ್ನಿಗೆ ಬರೆ ಎಳೆದವಳು ಅವನ ಹೆಂಡತಿ ನಿಕಾಸೊ. ಆಗೆಲ್ಲ ಈ ಮಹಾನುಭಾವ ಮೆಲ್ಲಗೆ ಅಂಗಳಕ್ಕೆ ಎದ್ದುಹೋಗುತ್ತಿದ್ದ. ಮಾನಿಯಾಳಿಗಿಂತ ಮುಂಚೆ ಆ ಅಡುಗೆಮನೆಯಲ್ಲಿದ್ದ ಹುಡುಗಿ ಅಂಥ ಬರೆಗಳಿಂದಲೇ ಸತ್ತಿದ್ದಳು. ಈಗ ನಿಕಾಸೊ ಗಡಿಕಲ್ಲಿನ ಆಚೆ ಹೇಸರಗತ್ತೆಯ ಗಾಡಿಯಲ್ಲಿ ಕೂತು ಅಂಜೂರ ತಿನ್ನುತ್ತಿದ್ದಳು.

"ಆಯ್ತಲ್ಲ, ಏಳಮ್ಮ," ಎಂದರು ಪೂಜಾರಿ.

ಮಾನಿಯಾ ಎರಡೂ ಕೈಯಿಂದ ಪೀಠ ಹಿಡಿದುಕೊಂಡಳು. ಆಳಾದವಳು ಒಡತಿಯ ಮೇಲೆ ಮಾತೆತ್ತುವುದುಂಟೇ! ಬಾಯಿಬಿಟ್ಟು ಕೆಲಸ ಕೆಟ್ಟರೆ ಇಂದೇ ಅವಳ ಕಥೆ ಮುಗಿಯಿತು. ಬಿಡದಿದ್ದರೂ ಮುಗಿಯಿತು.

"ಅಯ್ಯನೋರೇ... ಅಮ್ಮಾವ್ರೂ ಆಣೆ ಇಡ್ಲಿ," ಎಂದಳು ಪೂಜಾರಿಯತ್ತ ತಿರುಗಿ.

"ಏನಂದೆ? ನಿಂಗೂ ಬಾಯಿ ಬಂತಾ!" ಸೋಸಿಸ್ ಕೂಗಿದ. "ಸ್ವಾಮಿ, ಯಜಮಾನ ಇಟ್ಮೇಲೆ ಮನೆಯೋರೆಲ್ಲ ಇಟ್ಟಂಗೇ ಅಲ್ವಾ?"

ಪೂಜಾರಿ ಅವನ ಮುಖವನ್ನೇ ನೋಡಿದರು. "ಹಂಗಂತ ದೇವ್ರು ಹೇಳಿಲ್ಲಪ್ಪ. ಕರಿ ನಿನ್ನ ಹೆಂಡ್ತೀನ."

ನಿಕಾಸೊ ನಗುತ್ತಲೇ ಬಂದಳು. "ಅಯ್ಯೋ ಹುಚ್ಚಿ, ಇಷ್ಟಕ್ಕಾ ಈ ರಂಪ? ಮನೇಲಿ ರಾಶಿ ಕೆಲಸ ಬಿದ್ದಿದೆ," ಎನ್ನುತ್ತ ಪೂಜಾರಿ ಹೇಳಿದಂತೆ ಕೊಳದ ಮೇಲೆ ಕೈ ಚಾಚಿದಳು.

"ಈ ಕೈಯಿಂದ ಇವಳಿಗೆ..."

ಅಷ್ಟಕ್ಕೇ ಮಾತು ನಿಂತಿತು. ನೀರು ಗುಳುಗುಳು ಉಕ್ಕಿ ಇಳಿಯಿತು. ನಿಕಾಸೊ ತಿರುಗಿ ಮಾನಿಯಾಳನ್ನು ದಿಟ್ಟಿಸಿದಳು, ತುಂಬ ಹೊತ್ತು.

ನಿಕಾಸೊ ಕೈ ಹಿಂದಕ್ಕೆಳೆದುಕೊಂಡಳು.

"ನಡೀರಿ. ನಂಗೆ ನನ್ನ ಕಣ್ಣು ಬೇಕು," ಎಂದು ಗಂಡನಿಗೆ ಹೇಳಿ ಗಾಡಿಯತ್ತ ಹೊರಟಳು.

ಗಾಡಿಯ ಸದ್ದು ಇಳಿಜಾರಿನಲ್ಲಿ ಅಡಗಿದ ಮೇಲೂ ಮಾನಿಯಾ ಕದಲಲಿಲ್ಲ. "ಹೋದ್ರಮ್ಮ, ಹೋದ್ರು," ಎನ್ನುತ್ತ ಪೂಜಾರಿ ಪಕ್ಕದಲ್ಲಿ ಕೂತು, ಕಲ್ಲು ಹಿಡಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.