ಡಾಕ್ಟ್ರಮ್ಮನ ಟರ್ಬೊ ಕಾರು

ಸಂತೆಬಾಚಹಳ್ಳಿ ಪಶು ಆಸ್ಪತ್ರೆಯ ಡಾಕ್ಟರು ಹೇಮಶ್ರೀಯ ತಲೆಗೆ ಬೂಕನಕೆರೆಯ ಹೊಣೆಯೂ ಬಿದ್ದು ವರ್ಷವಾಗಿತ್ತು. ಅಲ್ಲಿದ್ದವರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮನೆ ಪಾಂಡವಪುರದಲ್ಲಿ. ಹೀಗಾಗಿ ಬೆಳಿಗ್ಗೆ ಒಂದು ದಿಕ್ಕು, ಮಧ್ಯಾಹ್ನ ಇನ್ನೊಂದು ದಿಕ್ಕು, ಸಂಜೆ ಫೋನು ಎತ್ತ ಕರೆದರೆ ಅತ್ತ. ಲಸಿಕೆ ಹಾಕುವ ಕಾಲ ಬಂದರೆ ನಾಗಮಂಗಲದ ಕಡೆಗೂ ಓಡಬೇಕಿತ್ತು.

ಕಾರನ್ನು ಆರಿಸಿದ್ದು ಗಂಡ ಕುಮಾರ್. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಆತ ತಿಂಗಳುಗಟ್ಟಲೆ ವಿಡಿಯೊ ನೋಡಿ ತೀರ್ಮಾನಕ್ಕೆ ಬಂದಿದ್ದ.

"ಒಂದೇ ಲೀಟರ್ ಎಂಜಿನ್ನು ಹೇಮಾ, ಮೂರೇ ಸಿಲಿಂಡರು. ಆದ್ರೂ ನೂರು ಕುದುರೆ ಶಕ್ತಿ! ಟರ್ಬೊ ಐತಲ್ಲ, ಆಚೆ ಹೋಗೋ ಹೊಗೇಲೇ ಚಕ್ರ ತಿರುಗ್ಸಿ ಒಳಕ್ಕೆ ಗಾಳಿ ತುಂಬ್ತದೆ. ದೊಡ್ಡ ಎಂಜಿನ್ನಿನ ಕೆಲ್ಸ ಚಿಕ್ಕದ್ರಲ್ಲೇ ಆಗೋಯ್ತದೆ."

"ಡಿಕ್ಕೀಲಿ ನನ್ನ ಔಷಧಿ ಪೆಟ್ಟಿಗೆ ಹಿಡಿತದಾ?" ಎಂದು ಹೇಮಶ್ರೀ ಅರೆನಿದ್ದೆಯಲ್ಲಿ ಕೇಳಿದ್ದಳು.

ಸುಳ್ಳು ಹೇಳಬಾರದು, ಕಾರು ಚೆನ್ನಾಗಿಯೇ ಓಡಿತು. ಮೇಲುಕೋಟೆಯ ಏರಿನಲ್ಲಿ ಆಕ್ಸಿಲರೇಟರಿಗೆ ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟುತ್ತಿತ್ತು. ಅವಳು ಅದನ್ನು ಗಮನಿಸುವುದನ್ನೂ ಬಿಟ್ಟಳು. ಕಾರು ಓಡುತ್ತದೆ, ತಾನೂ ಓಡುತ್ತೇನೆ, ಅಷ್ಟೆ.

ಈ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಬೂಕನಕೆರೆಯಿಂದ ಸೋಮಯ್ಯ ಎಂಬಾತ ಫೋನು ಮಾಡಿದ. "ಡಾಕ್ಟ್ರಮ್ಮ, ನಮ್ಮ ದೊಡ್ಡವ್ವನ ಹಸ ಬೆಳಗ್ಗಿಂದ ತಿಣುಕ್ತಾ ಐತೆ. ಕರ ಬತ್ತಾನೇ ಇಲ್ಲ. ಬಿರ್ನೆ ಬನ್ನಿ."

ಊಟದ ಡಬ್ಬಿಯನ್ನು ತೆರೆಯದೆಯೇ ಅವಳು ಹೊರಟಳು. ಕೆ.ಆರ್. ಪೇಟೆ ದಾಟಿ ಸ್ವಲ್ಪ ದೂರ ಹೋಗಿದ್ದಳಷ್ಟೆ, ಎಂಜಿನ್ನಿನ ಕಡೆಯಿಂದ ಟೈರಿನ ಗಾಳಿ ಬಿಟ್ಟಂಥ ಸುಯ್ಯೆನ್ನುವ ಸದ್ದು ಬಂತು. ಎದುರಿಗೆ ಹಳದಿ ದೀಪ ಹೊತ್ತಿಕೊಂಡಿತು. ಎಷ್ಟು ತುಳಿದರೂ ಕಾರು ಏಳಲಿಲ್ಲ. ಕಬ್ಬು ತುಂಬಿದ ಟ್ರಾಕ್ಟರೊಂದು ಹಾರನ್ ಹೊಡೆದು ಅವಳನ್ನು ಹಿಂದೆ ಹಾಕಿತು. ಬದಿಗೆ ನಿಲ್ಲಿಸಿ, ಕಿರಂಗೂರಿನಲ್ಲಿ ಗ್ಯಾರೇಜು ಇಟ್ಟಿರುವ ಕಲೀಂಗೆ ಫೋನು ಮಾಡಿದಳು.

"ಕೆಂಪು ಲೈಟ್ ಏನಾರ ಬಂದದಾ ಮೇಡಂ?"

"ಇಲ್ಲ, ಹಳದಿ ಒಂದೇ."

"ಬಿಸಿ ತೋರ್ಸೋ ಮುಳ್ಳು?"

"ನಡುಮಧ್ಯ ಐತೆ."

"ಅಂಗಾರೆ ಓಗಿ, ಆದ್ರೆ ತುಳೀಬೇಡಿ. ಟರ್ಬೊ ಗಾಳಿ ಸಿಕ್ತಿಲ್ಲ ಅನ್ಸುತ್ತೆ. ಗಾಳಿ ಇಲ್ದಿದ್ರೆ ಅದು ಬರೀ ಪುಟ್ಟ ಎಂಜಿನ್ನು. ಆಯಿಲ್ ಲೈಟ್ ಬಂದ್ರೆ ಮಾತ್ರ ಅಲ್ಲೇ ಆಫ್ ಮಾಡ್ಬುಡಿ."

ಸೈಕಲ್ಲಿನವರ ಜೊತೆಯಲ್ಲಿ ಸಾಗಿದಂತೆ ಸಾಗಿ ಅವಳು ಬೂಕನಕೆರೆ ಸೇರುವಾಗ ಹೊತ್ತು ಇಳಿದಿತ್ತು. ಕೊಟ್ಟಿಗೆಯ ಮುಂದೆ ನಿಂತಿದ್ದ ಸೋಮಯ್ಯ ಕಾರನ್ನೂ ಅವಳನ್ನೂ ನೋಡಿ, "ಅಂಥ ಕಾರು ಮಡಿಕ್ಕೊಂಡು ಇಷ್ಟೊತ್ತಾ?" ಎಂದ.

ಅವಳು ತೋಳಿಗೆ ಸೋಪು ಹಚ್ಚಿ ಹಸುವಿನ ಹಿಂದೆ ಮೊಣಕಾಲೂರಿದಳು. ಕರುವಿನ ಕತ್ತು ಒಳಗೆ ಹಿಂದಕ್ಕೆ ಮಡಚಿಕೊಂಡಿತ್ತು. ತಳ್ಳಿ, ತಿರುಗಿಸಿ, ಹಗ್ಗ ಹಾಕಿ, ಸೋಮಯ್ಯನೂ ಎಳೆದು, ಕೊನೆಗೆ ಕರು ನೆಲಕ್ಕೆ ಬಂತು. ಉಸಿರಿರಲಿಲ್ಲ. ಹಸು ಬಳಲಿ ತಲೆ ನೆಲಕ್ಕೆ ಹಾಕಿತು.

"ನೀವು ಬೇಗ ಬಂದಿದ್ರೆ ಉಳೀತಿತ್ತು" ಎಂದ ಸೋಮಯ್ಯ.

ಹೇಮಶ್ರೀ ಕರುವಿನ ಮೈ ಮೇಲೆ ಬೆರಳಾಡಿಸಿದಳು. ಕೂದಲು ಕಿತ್ತು ಕೈಗೆ ಬಂತು. "ಇದು ಇವತ್ತು ಹೋಗಿರೋದಲ್ಲ ಕಣಪ್ಪ. ಒಳಗೇ ಕೊಳೆಯೋಕೆ ಶುರುವಾಗೈತೆ."

ಅಲ್ಲಿಯವರೆಗೆ ಹಸುವಿನ ಕೊರಳಡಿಯ ಗಂಗೆದೊಗಲು ಸವರುತ್ತ ಕೂತಿದ್ದ ಸೋಮಯ್ಯನ ದೊಡ್ಡವ್ವ ಚಲುವಮ್ಮ ಆಗ ಬಾಯಿಬಿಟ್ಟಳು. "ಸುಮ್ಕಿರ್ಲಾ ಸೋಮ. ಮೊನ್ನೆಯಿಂದ್ಲೇ ಕರ ಒದೀತಿರ್ನಿಲ್ಲ. ನಂಗೆ ಗೊತ್ತಾಗಿತ್ತು. ಎಲ್ಲೋ ನಿದ್ದೆ ಮಾಡ್ತಾ ಇರ್ಬೈದು ಅಂದ್ಕಂಡು ನಂಗ್ ನಾನೇ ಏಳ್ಕಂಡೆ. ತಾಯಿ ಉಳ್ಕೊಂಡ್ಲಲ್ಲ, ಸಾಕು ಬುಡವ್ವ."

ಸೋಮಯ್ಯ ಹೋಗಿ ಕೈ ತೊಳೆಯಲು ಬಿಸಿನೀರು ತಂದಿಟ್ಟ. ಹೇಮಶ್ರೀ ಹಸುವಿಗೆ ಇಂಜೆಕ್ಷನ್ ಕೊಟ್ಟು, ಗ್ಲೂಕೋಸ್ ಏರಿಸಿ, ಬಂದ ಹಾಗೆಯೇ ನಿಧಾನವಾಗಿ ಹೊರಟಳು. ತಪ್ಪು ತನ್ನದಲ್ಲವೆಂದು ತಿಳಿದ ಮೇಲೂ ಮೈ ಹಗುರಾಗಲಿಲ್ಲ.

ಮನೆಯಲ್ಲಿ ಕುಮಾರ್ ಹಳದಿ ದೀಪದ ವಿಷಯ ಕೇಳಿ ಬೆಚ್ಚಿದ. "ಆಗೋಕೆ ಚಾನ್ಸೇ ಇಲ್ಲ. ಎಲ್ಲ ಸ್ಪೆಸಿಫಿಕೇಷನ್ ನೋಡೇ ತಗೊಂಡಿದ್ದು."

"ಅದ್ರಲ್ಲಿ ನನ್ನ ದಾರಿ ಬರ್ದಿರ್ಲಿಲ್ಲ ಬುಡಿ" ಎಂದಳು.

ಅವನು "ಮಾರ್ಬುಡಾಣ್ವಾ?" ಎಂದ.

"ಬೇರೆ ಕಾರು ಬಂದ್ರೂ ಓಡ್ಸೋಳು ನಾನೇ ಅಲ್ವಾ."

ಮರುದಿನ ರಜೆ ಹಾಕಿ ಅವಳು ಕಿರಂಗೂರಿಗೆ ಹೋದಳು. ಕಲೀಂ ಆಯಿಲ್ ಕಡ್ಡಿ ಎಳೆದು ಬಟ್ಟೆಗೆ ಒರೆಸಿ ಮುಖ ಹಿಂಡಿದ. "ಯಾ ಅಲ್ಲಾ, ಇದು ಆಯಿಲ್ಲಾ ಡಾಂಬರಾ ಮೇಡಂ? ಯಾವಾಗ ಬದ್ಲಾಯ್ಸಿದ್ದು?"

ಅವಳಿಗೆ ನೆನಪಾಗಲಿಲ್ಲ. ಸರ್ವಿಸ್ ಎಂದರೆ ಕಾರನ್ನು ಇಡೀ ದಿನ ಮೈಸೂರಿನಲ್ಲಿ ಬಿಡಬೇಕು. ಅಂಥ ದಿನ ಸಿಕ್ಕಿರಲಿಲ್ಲ.

"ಟರ್ಬೊ ಓಗ್ಬುಟ್ಟದೆ. ಪೂರ್ತಿ ಇಳಿಸ್ಬೇಕಾಯ್ತದೆ" ಎಂದ ಕಲೀಂ. ಆದರೆ ಬಿಚ್ಚುತ್ತ ಹೋದಂತೆ ಅವನ ಮಾತು ಬದಲಾಯಿತು. ಟರ್ಬೊದಿಂದ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪು ಬುಡದಲ್ಲಿ ಸೀಳಿತ್ತು. "ನನ್ನ ಅಂದಾಜು ತಪ್ಪಾಯ್ತು ಮೇಡಂ, ಪೈಪಿಂದೇ ಕತೆ. ಟರ್ಬೊ ಚಕ್ರ ಒಂಚೂರು ಸಡ್ಲಾಗಿ ಆಡ್ತದೆ. ಎಷ್ಟು ದಿನ ಬತ್ತದೆ ಅಂತ ನಾನ್ ಏಳಕ್ಕಾಗಲ್ಲ. ಬಂದ್ರೆ ವರ್ಷಗಟ್ಲೆ ಬರ್ಬೋದು."

"ಕೆಟ್ಟ ಎಂಜಿನ್ನಾ ಇದು?"

"ಕೆಟ್ಟದೇನಲ್ಲ. ಹಳೇ ಎಂಜಿನ್ನಾದ್ರೆ ಮರೆತ್ರೂ ಸಹಿಸ್ಕೊಂತಿತ್ತು, ಇದು ಸಹಿಸ್ಕೊಳಲ್ಲ. ಒಂದೇ ಎಣ್ಣೆ ಎಂಜಿನ್ನನ್ನೂ ಕಾಯ್ಬೇಕು, ಬೆಂಕಿ ತರ ಕಾದಿರೋ ಟರ್ಬೊನೂ ಕಾಯ್ಬೇಕು. ಪೈಪು ತರಿಸ್ತೀನಿ, ಎಣ್ಣೆನೂ ಬದ್ಲಾಯಿಸ್ತೀನಿ, ಕೂತ್ಕೊಳ್ಳಿ."

ಅವಳು ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಶ್ರೀರಂಗಪಟ್ಟಣದಿಂದ ಪೈಪು ಬಂದದ್ದು ಗೊತ್ತಾಗಲಿಲ್ಲ. ಎಚ್ಚರವಾದಾಗ ಕಾರಿನ ಬಾನೆಟ್ಟು ಮುಚ್ಚಿತ್ತು. ಬಿಸಿಲು ಅವಳ ಕಾಲಿಗೆ ಬರದಂತೆ ಯಾರೋ ಗೋಣಿತಾಟು ಇಳಿಬಿಟ್ಟಿದ್ದರು. ಕಲೀಂ ನೆರಳಲ್ಲಿ ಬೀಡಿ ಸೇದುತ್ತಿದ್ದ.

"ಮುಗಿದು ಎಷ್ಟೊತ್ತಾಯ್ತು? ಎಬ್ಬಿಸ್ಬಾರ್ದಿತ್ತಾ?"

"ಎಬ್ಬಿಸಿದ್ರೆ ಗಾಡಿ ತಗೊಂಡು ಇನ್ನೊಂದೂರಿಗೆ ಓಡ್ತಿದ್ರಿ" ಎಂದ ಕಲೀಂ.

ಅವಳಿಗೆ ನಗು ಬಂತು. ನಗುವುದಕ್ಕೂ ಶಕ್ತಿ ಬೇಕು ಎನಿಸಿತು.

ಕಾರು ಮತ್ತೆ ಮೊದಲಿನಂತೆ ಏರು ಹತ್ತುತ್ತಿದೆ. ಬೂಕನಕೆರೆಗೆ ಬೇರೆ ಡಾಕ್ಟರು ಇನ್ನೂ ಬಂದಿಲ್ಲ. ಆದರೆ ಎಣ್ಣೆ ಬದಲಾಯಿಸುವ ಕೆಲಸವನ್ನು ಕುಮಾರ್ ಯಾರೂ ಹೇಳದೆ ತಾನೇ ವಹಿಸಿಕೊಂಡ. ಮುಂದಿನ ಎಣ್ಣೆಯ ಸರದಿ ಬಂದ ಭಾನುವಾರ ಕಾರು ತೆಗೆದುಕೊಂಡು ಹೊರಟವನು ಹೆಂಡತಿಯ ಫೋನನ್ನೂ ಜೇಬಿಗೆ ಹಾಕಿಕೊಂಡ. ಗ್ಯಾರೇಜಿನಲ್ಲಿ ಅದು ರಿಂಗಾಯಿತು. ಯಾರದೋ ಎಮ್ಮೆ ಮೇವು ಬಿಟ್ಟಿತ್ತು.

"ಡಾಕ್ಟ್ರು ಮಲಗವ್ರೆ. ಕೆ.ಆರ್. ಪೇಟೆ ಆಸ್ಪತ್ರೇಲಿ ಇನ್ನೊಬ್ರು ಅವ್ರೆ, ಅವ್ರ ನಂಬರ್ ಕೊಡ್ತೀನಿ, ಬರ್ಕೊಳ್ಳಿ" ಎಂದ ಕುಮಾರ್.

ಪಾಂಡವಪುರದ ಮನೆಯಲ್ಲಿ ಹೇಮಶ್ರೀ ಮಗ್ಗುಲು ಬದಲಿಸಿ ಇನ್ನಷ್ಟು ಮಲಗಿದಳು.